ಬಾಡಿಗೆಗೆ ಹೋದ ಕಂಬಳಿ

ಮಾಮೂಲುಪೇಟೆಯ ನಮ್ಮ ಅಂಗಡಿಗೆ
ಬಿಳಿ ಕಂಬಳಿ ಕೇಳಿ ಬರುವವರು ವರ್ಷಕ್ಕೆ ಇಬ್ಬರೋ ಮೂವರೋ.
ದೃಷ್ಟಿಗೆ ಹೆದರುವವರು ಕರಿಯದನ್ನೇ ಒಯ್ಯುತ್ತಾರೆ,
ಧ್ಯಾನದವರು ಚೌಕಾಸಿ ಮಾಡಿ ಬಿಟ್ಟುಹೋಗುತ್ತಾರೆ.

ಅವಳು ಬಂದದ್ದು ಯುಗಾದಿಗೆ ನಾಕು ದಿನ ಇರುವಾಗ,
ಬೇವಿನ ಹೂವಿನ ಗಾಡಿ ಮೆಟ್ಟಿಲಿಗೇ ಅಡ್ಡ ನಿಂತ ಮಧ್ಯಾಹ್ನ.
ಹಲ್ಲಿನ ಡಾಕ್ಟರಿಕೆ ಓದುವ ಹುಡುಗಿ, ಕಜಾಖರ ದೇಶ,
ಅರ್ಧ ಇಂಗ್ಲಿಷು, ಕಾಲು ಕನ್ನಡ, ಉಳಿದದ್ದು ಕೈಸನ್ನೆ.
ಹೆಸರು ಮೊಲ್ದಿರ್. ತಿಳಿನೀರು ಅಂತ ಅರ್ಥವಂತೆ.
ಕಂಬಳಿಯನ್ನು ಮೊದಲು ಮೂಗಿಗೆ ಹಿಡಿದಳು.
ಹುಣಸೆಬೀಜದ ಗಂಜಿ, ಕುರಿ, ಹೊಗೆ.
ಬೆಲೆ ಕೇಳಲಿಲ್ಲ. ಕೇಳಿದ್ದು ಇದು:
ನಾಕು ಜನ ನಾಕು ಮೂಲೆ ಹಿಡಿದು
ಎಪ್ಪತ್ತು ಕೇಜಿ ಎತ್ತಿದರೆ ಹರಿಯುತ್ತದಾ?

ಚಳ್ಳಕೆರೆ ಮಗ್ಗದ್ದಮ್ಮ, ಎಂದೆ, ಟಗರು ಕೂರಿಸಿ ಎತ್ತು.
ಟಗರಲ್ಲ, ಖಾನ, ಎಂದಳು.

ಸ್ಟೂಲು ಕೊಟ್ಟೆ, ಬೈಟು ಕಾಫಿ ತರಿಸಿದೆ.

ಅವಳ ಅಜ್ಜಿಯ ಅಜ್ಜಿಗೂ ಹಿಂದೆ
ಹುಲ್ಲಿನ ಆ ಸಮುದ್ರದಲ್ಲಿ ಮೂರು ಝೂಜ್ ಇದ್ದವಂತೆ.
ಜ್ಯೂಸಾ? ಎಂದೆ. ನಕ್ಕಳು. ನೂರು ಅಂತ.
ಹಿರಿ ನೂರು, ನಡು ನೂರು, ಕಿರಿ ನೂರು.
ಒಂದೊಂದರಲ್ಲಿ ಹತ್ತಾರು ಕುಲ, ಕುಲಕ್ಕೊಂದು ಬರೆ
ಕುದುರೆಯ ತೊಡೆಯ ಮೇಲೆ: ಬಿಲ್ಲು, ಬಟ್ಟಲು, ಮುರಿದ ಚಂದ್ರ.
ನಮ್ಮವರು ಕುರಿ ಬೆನ್ನಿಗೆ ಕೆಮ್ಮಣ್ಣು ಬಳಿಯುವ ಹಾಗೆ.
ಬಾವಿಗೆ ಜಗಳ, ಚಳಿಗಾಲದ ಹುಲ್ಲಿಗೆ ಜಗಳ,
ಹೊರಗಿನವನು ಬಂದು ಹಿಂಡು ಹೊಡೆದುಕೊಂಡು ಹೋದರೂ
ಹೋದದ್ದು ಪಕ್ಕದವನದಲ್ಲವೇ ಎಂಬ ನೆಮ್ಮದಿ.

ಕೊನೆಗೆ ಒಬ್ಬನನ್ನು ಬಿಳಿ ಉಣ್ಣೆಯ ಹಾಸಿನ ಮೇಲೆ ಕೂರಿಸಿ
ಮೂರೂ ನೂರಿನ ಮುದುಕರು ಮೂಲೆ ಹಿಡಿದು ಎತ್ತಿದರು.
ಅವನ ಸಿಂಹಾಸನಕ್ಕೆ ಕಾಲಿರಲಿಲ್ಲ, ಕೈಗಳಿದ್ದವು.

ಆಮೇಲೆ ಪಟ್ಟದ ಊಟವೋ? ಕೇಳಿದೆ.
ಲೂಟಿ, ಎಂದಳು. ಅವನ ಕುದುರೆ, ಒಂಟೆ, ಕುರಿ ಎಲ್ಲ
ಬಂದವರು ಹೊಡೆದುಕೊಂಡು ಹೋಗಬೇಕು, ಅದೇ ಶಾಸ್ತ್ರ.
ಸಂಜೆಗೆ ಖಾನನ ಬಳಿ ಒಂದು ಮರಿಯೂ ಇಲ್ಲ.
ನಾಳೆಯಿಂದ ಅವನು ಕುಡಿಯುವುದು ಜನ ಕೊಟ್ಟ ಹಾಲು.

ಅಪ್ಪ ನೆನಪಾದ.
ಉಣ್ಣೆ ವರ್ತಕರ ಸಂಘಕ್ಕೆ ಅಧ್ಯಕ್ಷನಾದ ದಿನ
ಹದಿನೇಳು ಅಂಗಡಿಯವರೂ ಅವನ ಲೆಕ್ಕದಲ್ಲಿ ಹೋಳಿಗೆ ಉಂಡು
ಮರುದಿನವೇ ಎರಡು ಸಂಘ ಮಾಡಿಕೊಂಡರು.
ಕಂಬಳಿ ಮೇಲೆ ಕೂತು ಉಂಡು ಕೂದಲು ಅಂದವರು.

ಖಾನ ಇಪ್ಪತ್ತಾರು ಚಳಿಗಾಲ ಆಳಿದ. ಕೋಟೆ ಕಟ್ಟಲಿಲ್ಲ.
ಪ್ರತಿ ವಸಂತಕ್ಕೆ ದಿಬ್ಬ ಹತ್ತಿ ಕೂತು ಬಾವಿಯ ವ್ಯಾಜ್ಯ ಕೇಳಿದ,
ಸ್ವಂತ ತಮ್ಮನ ವಿರುದ್ಧವೇ ಎರಡು ಸಲ ತೀರ್ಪು ಕೊಟ್ಟ.
ಮೂರನೆಯ ಸಲಕ್ಕೆ ತಮ್ಮ ಬರಲಿಲ್ಲ;
ನಾನೂರು ಗುಡಾರ ಕಿತ್ತುಕೊಂಡು ರಾತ್ರೋರಾತ್ರಿ ಹೋದ.
ಖಾನ ಸತ್ತ ಮೇಲೆ?
ಸತ್ತ ಮೇಲೆ ಮತ್ತೆ ನೂರು, ನೂರು, ನೂರು.

ಹೆಸರು ಹೇಳಿದಳು, ನನ್ನ ನಾಲಗೆಗೆ ಹತ್ತಲಿಲ್ಲ.
ಅಜ್ಜಿಯ ಕಥೆ ಅಂಕಲ್, ಪುಸ್ತಕದಲ್ಲಿ ಹುಡುಕಬೇಡಿ, ಎಂದಳು.

ಮಾರಲಿಲ್ಲ. ಎರಡು ದಿನಕ್ಕೆ ಬಾಡಿಗೆ ಅಂತ ಬರೆದುಕೊಂಡೆ,
ಎಪ್ಪತ್ತು ವರ್ಷದ ಅಂಗಡಿಯಲ್ಲಿ ಮೊದಲ ಸಲ.
ಹಾಸ್ಟೆಲ್ ತಾರಸಿಯಲ್ಲಿ ಅವರಿಗೂ ಹೊಸ ವರ್ಷವಂತೆ,
ಖಾನ ಆಗುವವನು ಫಿಸಿಯೋಥೆರಪಿ ಎರಡನೇ ವರ್ಷ.

ಹಬ್ಬ ಕಳೆದು ಬಂದಳು, ತಲೆ ತಗ್ಗಿಸಿ.
ಕಂಬಳಿಯ ಅಂಚು ನಾಲ್ಕೂ ಕಡೆ ಹರಿದು ಹಲ್ಲುಹಲ್ಲಾಗಿತ್ತು.
ಎತ್ತುವಾಗ ಅಲ್ಲ, ಎತ್ತಿದ ಮೇಲೆ.
ಹಿಡಿದವರು ಒಂದೊಂದು ತುಂಡು ಮನೆಗೆ ಒಯ್ಯಬೇಕಂತೆ;
ನೇಪಾಳದ ವಾಚ್‌ಮನ್ನೂ ಒಯ್ದ, ಹಾಸನದ ಅಡುಗೆಯಾಕೆಯೂ.
ದುಡ್ಡು ಎಣಿಸಿದಳು. ಪೂರ್ತಿ ಇಸಕೊಂಡೆ,
ವ್ಯಾಪಾರ ವ್ಯಾಪಾರವೇ.

ಅವಳು ಹೋದ ಮೇಲೆ ಗಲ್ಲಾದ ಹಿಂದೆ ಅದನ್ನೇ ಹಾಸಿ ಕೂತೆ.
ಎದುರಂಗಡಿಯ ಕೊಟ್ರೇಶಿ, ಆ ಇನ್ನೊಂದು ಸಂಘದವನು,
ಹನ್ನೊಂದು ವರ್ಷ ಮಾತಿಲ್ಲದವನು,
ಹೊಸ್ತಿಲಾಚೆಯಿಂದಲೇ ಕತ್ತು ಚಾಚಿದ:
ಇಲಿ ಕಡೀತೇನ್ರೀ?

ಒಂದು ತುಂಡು ಕಿತ್ತು ಅವನತ್ತ ಹಿಡಿದೆ.
ಎಂಥಾ ಹುಚ್ಚು, ಎನ್ನುತ್ತಲೇ
ಜೇಬಿಗಿಟ್ಟುಕೊಂಡ.